ದೊಡ್ಡಪ್ಪನ ಜೊತೆ ಕಾರವಾರಕ್ಕೆ

ಯುದ್ಧಸ್ಮಾರಕ ಅಂದ್ರೆ ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದದ್ದು ವೀರಗಲ್ಲು ಮಾತ್ರ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅದೇ ವೀರ, ತುದಿಗೆ ಸೂರ್ಯ ಚಂದ್ರ. ಓದಲು ಬಾರದವರಿಗೂ ಕಥೆ ತಿಳಿಯುತ್ತೆ. ಆದ್ರೆ ಎಷ್ಟೋ ಕಲ್ಲುಗಳಲ್ಲಿ ಅಕ್ಷರವೇ ಇಲ್ಲ. ಯಾರು ಸತ್ತರು ಅಂತ ಕೇಳಿದ್ರೆ ಊರವರಿಗೂ ಗೊತ್ತಿರಲ್ಲ.

ಕೆಲವು ವರ್ಷಗಳ ಹಿಂದೆ ಕೋಗಿಲಬನದಿಂದ ದೊಡ್ಡಪ್ಪನನ್ನು ಕರ್ಕೊಂಡು ಕಾರವಾರಕ್ಕೆ ಹೋಗಿದ್ದೆ. ಜೋಯಿಡಾ, ಅಣಶಿ ಘಾಟಿ, ಕದ್ರಾ... ದಾರಿ ಚೆಂದ, ಹೊಟ್ಟೆಗೆ ಕಷ್ಟ! ದೊಡ್ಡಪ್ಪ ಬಾಂಬೆ ಸ್ಯಾಪರ್ಸ್‌ನಲ್ಲಿದ್ದವರು. ಯುದ್ಧದ ಮಾತು ಮಾತ್ರ ಮನೇಲಿ ಎಂದೂ ಎತ್ತಿದವರಲ್ಲ.

ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಹಡಗು ಇದೆಯಲ್ಲ, ಅದು 1971ರಲ್ಲಿ ಕರಾಚಿಗೆ ಹೋಗಿ ಬಾಂಬ್ ಹಾಕಿ ಬಂದದ್ದು ಅಂತ ಪಕ್ಕದಲ್ಲಿ ಒಬ್ಬರು ಮಗನಿಗೆ ಹೇಳ್ತಿದ್ರು. ತಪ್ಪು. ಆ ವರ್ಷದ ಡಿಸೆಂಬರ್ 4ರ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್, ವೀರ್. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ನಾನು ಬಾಯಿ ಬಿಡಲಿಲ್ಲ, ಹುಡುಗ ಅಷ್ಟು ಖುಷಿಯಾಗಿದ್ದ.

ಅದರ ಪಕ್ಕದಲ್ಲೇ 2006ರಲ್ಲಿ ನಿಲ್ಲಿಸಿದ ಮೇಜರ್ ರಾಮಾ ರಾಘೋಬಾ ರಾಣೆಯವರ ಪ್ರತಿಮೆ. ಇಲ್ಲೇ ಚೆಂಡಿಯಾ ಊರಿನ ಮನೆತನ. 1948ರ ಏಪ್ರಿಲ್‌ನಲ್ಲಿ ನೌಶೇರಾ-ರಜೌರಿ ರಸ್ತೆಯಲ್ಲಿ, ಗಾಯಗೊಂಡ ಮೇಲೂ ಮೈನುಗಳನ್ನು ತೆಗೆದವರು. ಟ್ಯಾಂಕಿನ ಕೆಳಗೆ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ಮುಂದೆ ಹೋಗು ಅಂತ ಸನ್ನೆ ಮಾಡ್ತಿದ್ರಂತೆ. ಬದುಕಿರುವಾಗಲೇ ಪರಮವೀರ ಚಕ್ರ ಬಂತು. ತೀರಿಕೊಂಡದ್ದು 1994ರಲ್ಲಿ.

ದೊಡ್ಡಪ್ಪ ಕೈ ಮುಗಿದು ಪೀಠದ ಹಿಂದೆ ಹೋಗಿ ಬಗ್ಗಿ ನೋಡ್ತಾ ಇದ್ರು.

"ಏನು ಹುಡುಕ್ತಿದೀರಿ?"

"ಬ್ಯಾರೇ ಹೆಸರ ಏನರ ಅದಾವೇನು ಅಂತ ನೋಡಿದೆ, ತಮ್ಮಾ."

ವಾಪಸ್ ಬರುವಾಗ ಬಸ್ಸಿನಲ್ಲಿ ಮೊದಲ ಸಲ ಹೇಳಿದ್ರು. ಮುಂಡಗೋಡ ಕಡೆಯ ಗೆಳೆಯ, ಒಂದೇ ಟೆಂಟು. 1971ರ ಯುದ್ಧ ನಿಂತ ಮೇಲೆ ಮೈನ್ ತೆಗೆಯುವಾಗ ಹೋದ. "ಯುದ್ಧ ಮುಗಿದಿತ್ತು ಅಂತ ಎಲ್ಲಾರೂ ಪೇಡೆ ಹಂಚಿದ್ರು. ಅವನ ಸುದ್ದಿ ಯಾರು ಬರೀತಾರ?" ಆ ದಿನ ಅವನ ಜಾಗದಲ್ಲಿ ಹೋಗಬೇಕಿದ್ದದ್ದು ದೊಡ್ಡಪ್ಪನಂತೆ. ಜ್ವರ ಬಂದಿತ್ತಂತೆ.

2019ರ ಫೆಬ್ರುವರಿಯಲ್ಲಿ ದೆಹಲಿಯ ರಾಷ್ಟ್ರೀಯ ಯುದ್ಧಸ್ಮಾರಕ ತೆರೆಯಿತು. ಒಂದರೊಳಗೊಂದು ನಾಲ್ಕು ವೃತ್ತ. ತ್ಯಾಗ ಚಕ್ರದ ಗೋಡೆಗಳಲ್ಲಿ ಗ್ರಾನೈಟ್ ಇಟ್ಟಿಗೆಗಳು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು. ಆಗ 25,942 ಹೆಸರು. ಆಚೆ ಪರಮವೀರರ ಅರ್ಧಪ್ರತಿಮೆಗಳಲ್ಲಿ ನಮ್ಮ ರಾಣೆಯವರೂ ಇದ್ದಾರೆ. ದೊಡ್ಡಪ್ಪನಿಗೆ ಹೇಳಿದ್ರೆ ತಕ್ಷಣ ಗೆಳೆಯನ ಸೈನ್ಯದ ನಂಬರು ಗಡಗಡ ಅಂತ ಒಪ್ಪಿಸಿಬಿಟ್ರು. ತಮ್ಮ ಫೋನ್ ನಂಬರು ಅವರಿಗೆ ನೆನಪಿಲ್ಲ!

ದೆಹಲಿಯಲ್ಲಿರುವ ಸ್ನೇಹಿತ ಒಂದು ಭಾನುವಾರ ಪೂರ್ತಿ ಹುಡುಕಿ ಫೋಟೋ ಕಳಿಸಿದ. ಇತ್ತು. ದೊಡ್ಡಪ್ಪ ಮೊಬೈಲ್ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ರು. ಆಮೇಲೆ "ಎರಡು ಕಾಪಿ ತೆಗಸು, ಒಂದು ಅವನ ತಂಗಿ ಮನಿಗೆ" ಅಂದ್ರು.

ಆ ತಂಗಿಯನ್ನು ಅವರು ಕಂಡು ಐವತ್ತು ವರ್ಷದ ಹತ್ತಿರ ಆಗಿತ್ತು. ಮರುದಿನ ಬೆಳಿಗ್ಗೆ ಆರಕ್ಕೇ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಮುಂಡಗೋಡಕ್ಕೆ ಹೋಗೋಣ ಅಂತ ಬಾಗಿಲಲ್ಲಿ ನಿಂತಿದ್ರು.