ಮೂರು ಮಂದಿ, ಒಂದೇ ಟೇಬಲ್ಲು

ಮ್ಯಾಟ್ನಿ ಬಿಟ್ಟಾಗ ಹೊಟ್ಟೆ ಎಷ್ಟು ಹಸಿದಿರುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ! ಮೂರು ತಾಸು ಹೀರೋ ಜೊತೆ ಹೊಡೆದಾಡಿ, ಹೀರೋಯಿನ್ ಜೊತೆ ಹಾಡಿ, ಕ್ಲೈಮ್ಯಾಕ್ಸಿನಲ್ಲಿ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡು ಹೊರಗೆ ಬಂದರೆ ರಾಯಚೂರಿನ ಬಿಸಿಲು ಇನ್ನೂ ರಸ್ತೆಯ ಮೇಲೇ ಕೂತಿರುತ್ತದೆ. ಹೊಟ್ಟೆ ಖಾಲಿ. ಜೇಬು ಅದಕ್ಕಿಂತ ಖಾಲಿ!

1984ರಿಂದ 1987ರವರೆಗೆ ನಾನು ರಾಯಚೂರಿನಲ್ಲಿ ಕಾಲೇಜು ಓದಿದೆ. ಪಾಠ ಓದಿದ್ದಕ್ಕಿಂತ ಸಿನಿಮಾ ಪೋಸ್ಟರ್ ಓದಿದ್ದೇ ಹೆಚ್ಚು ಅನ್ನಿ. ನಾವು ಮೂವರು. ಒಬ್ಬ ಮಾನ್ವಿಯವನು, ಇನ್ನೊಬ್ಬ ದೇವದುರ್ಗ ತಾಲೂಕಿನ ಒಂದು ಹಳ್ಳಿಯವನು, ನಾನು ಊರಿನವನೇ. ಹೆಸರು ಹಿಡಿದು ಕರೆದುಕೊಂಡದ್ದು ಕಡಿಮೆ. ‘ಏ ಮಾನ್ವಿ’, ‘ಏ ದೇವದುರ್ಗ’, ‘ಲೇ ರಾಯಚೂರು’. ಊರ ಹೆಸರೇ ನಮ್ಮ ಹೆಸರು.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅವನ ಅಪ್ಪನದು ಭತ್ತದ ಗದ್ದೆ. ತಿಂಗಳ ಮೊದಲ ವಾರ ಮನಿಯಾರ್ಡರ್ ಬಂತೆಂದರೆ ಹತ್ತನೇ ತಾರೀಖಿನ ತನಕ ಅವನೇ ಮಹಾರಾಜ. ದೇವದುರ್ಗದವನ ಹಳ್ಳಿಗೆ ಆಗ ಯಾವ ಕಾಲುವೆಯೂ ಬಂದಿರಲಿಲ್ಲ. ಮಳೆ ಬಂದರೆ ಜೋಳ, ಇಲ್ಲದಿದ್ದರೆ ಕೂಲಿ. ಅವನು ಸ್ಕಾಲರ್‌ಶಿಪ್ಪಿನ ಮೇಲೆ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಆ ಸ್ಕಾಲರ್‌ಶಿಪ್ಪು ಬರುವುದೋ, ಹೊಸ ಪಿಕ್ಚರ್ ರಿಲೀಸಿಗಿಂತ ತಡ!

ಆದರೂ ತಿನ್ನುವುದಕ್ಕೆ ರಾಯಚೂರಿನಂಥ ಊರು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಮಂಡಾಳ ಒಗ್ಗರಣಿ, ಅದರ ಪಕ್ಕಕ್ಕೆ ಬಿಸಿ ಬಿಸಿ ಮಿರ್ಚಿ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಸಂಜೆ ದಪ್ಪ ಹಾಲಿನ ಚಹಾ, ಅದರಲ್ಲಿ ಅದ್ದಲು ಉಸ್ಮಾನಿಯಾ ಬಿಸ್ಕೀಟು. 1948ರ ಸೆಪ್ಟೆಂಬರ್ ತನಕ ನಾವು ಹೈದರಾಬಾದ್ ನಿಜಾಮರ ಪ್ರಜೆಗಳಲ್ಲವೇ? 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯ ಬದಲಾಯಿತು, ಚಹಾದ ರುಚಿ ಬದಲಾಗಲಿಲ್ಲ. ಒಂದು ಹೋಟೆಲಿನಲ್ಲಿ ಕೂತರೆ ಈ ಟೇಬಲ್ಲಿನಲ್ಲಿ ಕನ್ನಡ, ಆ ಟೇಬಲ್ಲಿನಲ್ಲಿ ತೆಲುಗು, ಗಲ್ಲಾದ ಹತ್ತಿರ ಉರ್ದು!

ನಮ್ಮ ಜಗಳಗಳೂ ಹಾಗೇ. ‘ಖೈದಿ’ ತೆಲುಗಿನಲ್ಲಿ ಬಂದದ್ದು 1983ರಲ್ಲಿ, ಚಿರಂಜೀವಿ. ಕನ್ನಡದಲ್ಲಿ ಬಂದದ್ದು 1984ರಲ್ಲಿ, ನಮ್ಮ ವಿಷ್ಣುವರ್ಧನ್. ಮಾನ್ವಿಯವನು ಚಿರಂಜೀವಿ ಪಾರ್ಟಿ, ನಾನು ವಿಷ್ಣು ಪಾರ್ಟಿ. ಒನ್ ಬೈ ತ್ರೀ ಚಹಾ ಆರಿ ಕೆನೆಗಟ್ಟುವ ತನಕ ವಾದ. ಕೊನೆಗೆ ದೇವದುರ್ಗದವನ ತೀರ್ಪು:

“ಎರಡರಾಗೂ ಮಾಧವಿ ಅದಾಳಿಲ್ಲೋ? ಮತ್ತ್ಯಾಕ ಜಗಳ ಮಾಡ್ತೀರಿ? ಚಾ ಕುಡೀರಿ!”

ಈ ದೇವದುರ್ಗದವನದು ಒಂದು ವಿಚಿತ್ರ ಹಟ ಇತ್ತು. ಬಂಡಿಯ ಮುಂದೆ ನಿಂತು ತಿನ್ನುವುದಿಲ್ಲ. ಅದೇ ಮಿರ್ಚಿ ಬಂಡಿಯಲ್ಲಿ ಅಗ್ಗ, ಹೋಟೆಲಿನಲ್ಲಿ ತುಟ್ಟಿ. ಆದರೂ ಇವನಿಗೆ ಹೋಟೆಲೇ ಬೇಕು. ಒಳಗೇ ಕೂಡಬೇಕು. ಅದೂ ಗೋಡೆ ಪಕ್ಕ ಅಲ್ಲ, ನಟ್ಟನಡುವಿನ ಟೇಬಲ್ಲು, ಫ್ಯಾನಿನ ಕೆಳಗೆ. ಮಾಣಿ ಬಂದು ಒದ್ದೆ ಬಟ್ಟೆಯಿಂದ ಟೇಬಲ್ಲು ಒರೆಸಿ, ನೀರಿನ ಗ್ಲಾಸು ಇಟ್ಟು, “ಏನ್ ಕೊಡ್ಲಿ?” ಎಂದು ಕೇಳುವ ತನಕ ಮಾತೇ ಆಡುತ್ತಿರಲಿಲ್ಲ. ಕೇಳಿದ ಮೇಲೆ ಅವನ ಮುಖದ ಮೇಲೆ ಒಂದು ನಗು ಬರುತ್ತಿತ್ತು.

“ಏನಲೇ ಹೀರೋ, ಜೇಬಿನಾಗ ಎರಡು ರೂಪಾಯಿ, ಗತ್ತು ನೋಡಿದ್ರ ಇನ್ನೂರರದು!” ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅವನು ನಗುತ್ತಿದ್ದ. ಕಾರಣ ಹೇಳುತ್ತಿರಲಿಲ್ಲ. ನಾವೂ ಕೇಳಲಿಲ್ಲ.

ಕಾರಣ ತಿಳಿದದ್ದು 1986ರ ಬೇಸಿಗೆಯಲ್ಲಿ. ಅವನ ಅಣ್ಣನ ಮದುವೆ. ನಾನು, ಮಾನ್ವಿ ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆವು. ಅಲ್ಲಿಂದ ಇನ್ನೊಂದು ಬಸ್ಸು. ಅವನು ಊರ ಮುಂದೆ ನಮಗಾಗಿ ಕಾಯುತ್ತಿದ್ದ. ಬಸ್ಸು ಇಳಿದವರೇ ಎದುರಿಗಿದ್ದ ಸಣ್ಣ ಚಹಾದ ಹೋಟೆಲು ನೋಡಿ ನಾವು ಒಳಗೆ ನುಗ್ಗಿ ಬೆಂಚಿನ ಮೇಲೆ ಕೂತೆವು. “ಮೂರು ಚಾ” ಎಂದೆ ನಾನು.

ಚಹಾ ಎರಡೇ ಬಂತು!

ತಿರುಗಿ ನೋಡಿದರೆ ನಮ್ಮ ಹೀರೋ ಒಳಗೆ ಬಂದೇ ಇಲ್ಲ. ಹೊರಗಿನ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ನಾಲ್ಕೈದು ಗಾಜಿನ ಗ್ಲಾಸು. ಅವನು ಒಂದನ್ನು ತಾನೇ ತೆಗೆದು, ತಾನೇ ತೊಳೆದು, ಕೈಯಲ್ಲಿ ಹಿಡಿದು ನಿಂತಿದ್ದ. ಹೋಟೆಲಿನವನು ಕೆಟಲಿ ತಂದು ಮೇಲಿನಿಂದ ಸುರಿದ. ಕೆಟಲಿ ಗ್ಲಾಸಿಗೆ ತಾಗಲಿಲ್ಲ. ನಮ್ಮ ಗೆಳೆಯ ದಲಿತ ಕೇರಿಯ ಹುಡುಗ ಎಂಬುದು ನಮಗೆ ಗೊತ್ತಿತ್ತು ಓದುಗರೇ. ಗೊತ್ತಿರುವುದು ಬೇರೆ, ಕಣ್ಣಾರೆ ನೋಡುವುದು ಬೇರೆ.

ನಾನು ಎದ್ದೆನೇ? ಸಿನಿಮಾ ಆಗಿದ್ದರೆ ಎದ್ದಿರುತ್ತಿದ್ದೆ. ಗ್ಲಾಸು ನೆಲಕ್ಕೆ ಅಪ್ಪಳಿಸಿ, ಒಂದು ಡೈಲಾಗ್ ಹೊಡೆದು, ಗೆಳೆಯನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆತರುತ್ತಿದ್ದೆ. ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತಿತ್ತು. ಆದರೆ ಅವತ್ತು ನಾನು ಎಳಲಿಲ್ಲ. ಮಾನ್ವಿಯೂ ಎಳಲಿಲ್ಲ. ಅವನು ಹೊರಗಿನಿಂದಲೇ, “ಕುಡೀರಿ, ಕುಡೀರಿ. ನಾ ಇಲ್ಲೇ ಕುಡೀತೀನಿ” ಎಂದ. ನಾವು ತಲೆ ತಗ್ಗಿಸಿ ಕುಡಿದೆವು. ಆ ಚಹಾ ಸಿಹಿ ಇತ್ತೋ ಕಹಿ ಇತ್ತೋ ನೆನಪಿಲ್ಲ. ಕುಡಿದದ್ದು ಮಾತ್ರ ನೆನಪಿದೆ.

ಮನೆಯಲ್ಲಿ ಅವನ ತಾಯಿ ತಾಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. “ನಮ್ಮ ಮನ್ಯಾಗ ಉಣ್ತೀರೇನಪಾ?” ಎಂದಳು. ಸಜ್ಜಕ, ರೊಟ್ಟಿ, ಬದನೇಕಾಯಿ. ನಾವು ಮೂರು ಸಲ ಬಡಿಸಿಕೊಂಡು ಉಂಡೆವು. ಹೋಟೆಲಿನಲ್ಲಿ ಮಾಡಿದ್ದನ್ನು ಹೊಟ್ಟೆ ತುಂಬಿಸಿ ತೊಳೆಯಬಹುದು ಎಂದುಕೊಂಡಿದ್ದೆವೋ ಏನೋ. ರಾಯಚೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಕಾಲೇಜು ತೆರೆದ ಮೇಲೆ ಊರಿಗೆ ‘ಬಂಗಾರದ ಮನುಷ್ಯ’ ಮತ್ತೊಮ್ಮೆ ಬಂತು. 1972ರ ಪಿಕ್ಚರ್ ಆದರೇನು, ಬಂದಾಗಲೆಲ್ಲ ನೋಡಲೇಬೇಕು! ಕೊನೆಯಲ್ಲಿ ಊಟಕ್ಕೆ ಕೂತ ರಾಜೀವಪ್ಪನಿಗೆ ಅಕ್ಕನ ಮಗನೇ ಕೆಟ್ಟ ಮಾತಾಡುತ್ತಾನಲ್ಲ? ರಾಜೀವಪ್ಪ ತುತ್ತು ಬಿಟ್ಟು ಎದ್ದು ಹೋಗುತ್ತಾನಲ್ಲ? ಇಡೀ ಟಾಕೀಸು ಅಳುತ್ತಿತ್ತು. ನಾನೂ ಅತ್ತೆ. ದೇವದುರ್ಗದವನು ಮಾತ್ರ ಪರದೆಯನ್ನು ದಿಟ್ಟಿಸಿ ನೋಡುತ್ತಾ ಸುಮ್ಮನೆ ಕೂತಿದ್ದ.

ಶೋ ಬಿಟ್ಟ ಮೇಲೆ ಅದೇ ಹೋಟೆಲು, ಅದೇ ನಡುವಿನ ಟೇಬಲ್ಲು, ಅದೇ ಫ್ಯಾನು. ನಾನು ಧೈರ್ಯ ಮಾಡಿ, “ಅವತ್ತು ನಿಮ್ಮೂರಾಗ ನಾವು ಏಳಬೇಕಾಗಿತ್ತು ಕಣೋ” ಎಂದೆ. ಅವನು ಮಿರ್ಚಿಯ ತೊಟ್ಟು ಮುರಿಯುತ್ತಾ ಹೇಳಿದ:

“ರಾಜೀವಪ್ಪ ಉಣ್ಣಾಕ ಕುಂತಿದ್ದ, ಎದ್ದು ಹೋದ. ಎದ್ದು ಹೋಗಬೇಕಂದ್ರ ಮೊದಲ ಕುಂತಿರಬೇಕಲ್ಲಪಾ? ನಮಗ ಕುಂದ್ರಾಕ ಬಿಟ್ಟಿಲ್ಲ.”

ಮಾನ್ವಿ ಜೇಬಿಗೆ ಕೈಹಾಕಿದ. ದೇವದುರ್ಗದವನು ಅವನ ಕೈ ಹಿಡಿದ. “ಇವತ್ತಿನ ಬಿಲ್ಲು ನಂದು. ಇಲ್ಲಿ ನಾ ಗಿರಾಕಿ.” ಮಾಣಿ ಸೋಂಪಿನ ತಟ್ಟೆಯಲ್ಲಿ ಬಿಲ್ಲು ತಂದು ಇವನ ಮುಂದೆಯೇ ಇಟ್ಟ. ಚಿಲ್ಲರೆ ಎಣಿಸಿ ಇಟ್ಟು, ಹತ್ತು ಪೈಸೆ ಮಾಣಿಗೂ ಬಿಟ್ಟು ಎದ್ದ. ಆ ನಗು ಮತ್ತೆ ಬಂತು. ಎರಡು ವರ್ಷ ನಾವು ಗತ್ತು ಎಂದು ಚೇಷ್ಟೆ ಮಾಡಿದ್ದು ಯಾವುದನ್ನು ಎಂದು ನನಗೆ ಆಗ ತಿಳಿಯಿತು.

ಆಮೇಲೆ ಒಂದು ದಿನ ಲೈಬ್ರರಿಯಲ್ಲಿ ಕೂತು ಸಂವಿಧಾನ ತಿರುವಿ ನೋಡಿದೆ. 1950ರಿಂದ ಜಾರಿಯಲ್ಲಿರುವ ಪುಸ್ತಕ. 15ನೇ ಕಲಮಿನಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎಂದಿದ್ದಾರೆ. ಅಂದರೆ ನಮ್ಮ ಟಾಕೀಸೂ ನಮ್ಮ ಹೋಟೆಲೂ ಅಕ್ಕಪಕ್ಕದ ಸೀಟಿನಲ್ಲಿವೆ! 17ನೇ ಕಲಮು ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರಲ್ಲಿ ಶಿಕ್ಷೆಯ ಕಾಯ್ದೆ ಬಂತು, 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟರು. ನಾವು ಆ ಬೆಂಚಿನ ಮೇಲೆ ಕೂತದ್ದು ಅದಾಗಿ ಹತ್ತು ವರ್ಷಕ್ಕೆ. ಗೂಡಿನ ಗ್ಲಾಸಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಸುದ್ದಿ ಮುಟ್ಟಿಸಬೇಕಾಗಿದ್ದವರು ಒಳಗೆ ಕೂತು ಚಹಾ ಕುಡಿಯುತ್ತಿದ್ದರು. ಅವರಲ್ಲಿ ನಾನೂ ಒಬ್ಬ.

ಈಗ ನಮಗೆ ಅರವತ್ತು ದಾಟಿದೆ. ಆ ಹೋಟೆಲು ಇಲ್ಲ, ಅಲ್ಲಿ ಮೊಬೈಲ್ ಅಂಗಡಿ. ದೇವದುರ್ಗದವನು ಮೇಷ್ಟರಾಗಿ ರಿಟೈರ್ ಆದ. ಅವರ ತಾಲೂಕಿಗೂ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂತು. ವರ್ಷಕ್ಕೊಮ್ಮೆ ಮೂವರೂ ರಾಯಚೂರಿನಲ್ಲಿ ಸೇರಿ ಒಗ್ಗರಣಿ ಮಿರ್ಚಿ ತಿನ್ನುತ್ತೇವೆ. ಬಿಪಿ ಮಾತ್ರೆ ಆಮೇಲೆ! ಎರಡು ವರ್ಷದ ಹಿಂದೆ ಅವನ ಊರಿಗೂ ಹೋಗಿದ್ದೆವು. ಊರ ಮುಂದಿನ ಆ ಜಾಗದಲ್ಲಿ ಈಗಲೂ ಒಂದು ಚಹಾದ ಅಂಗಡಿ ಇದೆ. ಗೂಡು ಇಲ್ಲ, ಗ್ಲಾಸೂ ಇಲ್ಲ. ಎಲ್ಲರಿಗೂ ಪೇಪರ್ ಕಪ್ಪು.

“ನೋಡಪಾ, ಎಲ್ಲಾರಿಗೂ ಒಂದೇ ಕಪ್ಪು ಆತು” ಎಂದ ಮಾನ್ವಿ.

“ಕುಡಿದು ಒಗೆಯೋ ಕಪ್ಪು” ಎಂದ ದೇವದುರ್ಗ. “ತೊಳೆದು ಇಡೋ ಕಪ್ಪು ಒಂದೇ ಆದಾಗ ಹೇಳು.”

ಆ ದಿನ ನಾನು ನಲವತ್ತು ವರ್ಷದ ಹಿಂದೆ ಮಾಡಬೇಕಾಗಿದ್ದನ್ನು ಮಾಡಿದೆ. ಮೊದಲು ಅವನು ಒಳಗೆ ಹೋಗಿ ಬೆಂಚಿನ ಮೇಲೆ ಕೂಡುವ ತನಕ ಹೊರಗೇ ನಿಂತಿದ್ದೆ. ಯಾರೂ ಏನೂ ಅನ್ನಲಿಲ್ಲ. ಶಿಳ್ಳೆಯೂ ಬೀಳಲಿಲ್ಲ. ಇದು ದೊಡ್ಡ ಶೌರ್ಯವೇನಲ್ಲ, ಬಿಡಿ.

ಪಿಕ್ಚರ್ ಬಿಟ್ಟ ಮೇಲೆ ಗೆಳೆಯರ ಜೊತೆ ನೀವೂ ಹೋಟೆಲಿಗೆ ಹೋಗುತ್ತೀರಿ. ಗುಂಪಿನಲ್ಲಿ ಒಬ್ಬ ಯಾವಾಗಲೂ ನಡುವಿನ ಟೇಬಲ್ಲೇ ಬೇಕು ಎಂದು ಹಟ ಹಿಡಿಯುತ್ತಾನೆಯೇ? ಚೇಷ್ಟೆ ಮಾಡುವ ಮೊದಲು ಒಂದು ಮಾತು ಕೇಳಿ ನೋಡಿ. ನಾವು ಕೇಳುವುದಕ್ಕೆ ಎರಡು ವರ್ಷ ತೆಗೆದುಕೊಂಡೆವು.