ಅಜ್ಜಿಯ ಸಾಗುವಳಿ ಚೀಟಿ

ಗೆಳೆಯರೆ, ನಿನ್ನೆ ನಮ್ಮ ಆಫೀಸಿಗೆ ವಯಸ್ಸಾದ ಒಬ್ಬ ತಾಯಿ ಬಂದಿದ್ದರು. ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಹರಿದುಹೋದ ಒಂದು ಕಾಗದ ನನ್ನ ಟೇಬಲ್ ಮೇಲಿಟ್ಟು "ಇದ್ರಲ್ಲಿ ಏನೈತೆ ನೋಡಪ್ಪ" ಅಂದರು. ಬಿಡಿಸಿ ನೋಡಿದೆ. ಸಾಗುವಳಿ ಚೀಟಿ. ರಾತ್ರಿಯೆಲ್ಲ ನನ್ನ ಅಜ್ಜಿಯೇ ಕಣ್ಣಮುಂದೆ. ಅದಕ್ಕೇ ಇದನ್ನು ಬರೀತಿದ್ದೀನಿ.

ನನ್ನನ್ನು ಸಾಕಿದ್ದು ಅಜ್ಜಿ. ಅಪ್ಪ ಅವ್ವ ಗಾರೆ ಕೆಲಸಕ್ಕೆ ಬೆಂಗಳೂರು ಸೇರಿದ್ದರು. ಅಜ್ಜಿ ಬೆಳಿಗ್ಗೆ ಎದ್ದು ಮುದ್ದೆ ಮಾಡಿ, ನನಗೆ ಉಣ್ಣಿಸಿ, ಕುಡುಗೋಲು ಹಿಡಿದು ಕೂಲಿಗೆ ಹೊರಡೋಳು. ಅವಳು ಕೂಲಿ ಮಾಡ್ತಿದ್ದದ್ದು ನಮ್ಮದೇ ಹೊಲದಲ್ಲಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ತುಮಕೂರು ಜಿಲ್ಲೆಯ ನಮ್ಮೂರಲ್ಲಿ 1963ರಲ್ಲಿ ತಾತನಿಗೆ ದರಖಾಸ್ತಿನಲ್ಲಿ 2 ಎಕರೆ ಮಂಜೂರಾಗಿತ್ತು. 15 ವರ್ಷ ಪರಭಾರೆ ಮಾಡಕೂಡದು ಅಂತ ಷರತ್ತು. ಬರೀ ಕಲ್ಲು ತುಂಬಿದ ನೆಲ. ಅಜ್ಜಿ ತಲೆ ಮೇಲೆ ಕಲ್ಲು ಹೊತ್ತು ಬದು ಹಾಕಿದಳು. 1971ರಲ್ಲಿ ಊರಿನ ದೊಡ್ಡವರೊಬ್ಬರು ಸಾಲದ ಪತ್ರ ಅಂತ ಹೇಳಿ ತಾತನ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ನೋಡಿದರೆ ಅದು ಕ್ರಯಪತ್ರ. ತಾತ ಅದೇ ಕೊರಗಲ್ಲಿ ಹೋದ. ಅಜ್ಜಿ ಚೀಟಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಳು. ಮಳೆಗೆ ಮನೆ ಸೋರಿದರೆ ಮೊದಲು ನನ್ನನ್ನು, ಆಮೇಲೆ ಆ ಟ್ರಂಕನ್ನು ಪಕ್ಕಕ್ಕೆ ಸರಿಸೋಳು.

"ಹೊಲ ನಮ್ದು ಅಂದ್ಮೇಲೆ ಅವರಿಗ್ಯಾಕೆ ಕೂಲಿ ಮಾಡ್ತೀಯಜ್ಜಿ?" ಅಂತ ಒಂದು ಸಲ ಕೇಳಿದ್ದೆ.

"ನಾನೂ ಹೋಗ್ದಿದ್ರೆ ಅದ್ರ ಮುಖ ಯಾರು ನೋಡ್ತಾರೆ ಮಗಾ" ಅಂದಿದ್ದಳು.

ಬಿ.ಎ. ಓದುವಾಗ ದಲಿತ ಸಂಘರ್ಷ ಸಮಿತಿಯ ಒಂದು ಶಿಬಿರದಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆಯ ಹೆಸರು ಮೊದಲ ಸಲ ಕೇಳಿದೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ಅಸಿಂಧು, ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಮಂಜೂರುದಾರರಿಗೋ ವಾರಸುದಾರರಿಗೋ ಕೊಡಿಸಬೇಕು. ಕಾಯ್ದೆ ಆಗಿದ್ದು 1978ರಲ್ಲಿ. ಆಗ ನಾನು ಹುಟ್ಟೇ ಇರಲಿಲ್ಲ. ಅಷ್ಟು ವರ್ಷದಲ್ಲಿ ನಮ್ಮ ಕೇರಿಗೆ ಬಂದು ಇದನ್ನು ಹೇಳಿದವರು ಒಬ್ಬರೂ ಇಲ್ಲ. ಹೇಳಿದ್ದರೂ, ಕೂಲಿ ಕೊಡೋನ ಮೇಲೆ ಕೇಸು ಹಾಕಿ ಸಂಜೆ ಒಲೆ ಹಚ್ಚೋದು ಹೇಗೆ?

2005ರಲ್ಲಿ ಅರ್ಜಿ ಹಾಕಿದೆವು. ಅಜ್ಜಿಯ ಹೆಸರು, ಅದರ ಪಕ್ಕ 'ಕೋಂ' ಅಂತ ತಾತನ ಹೆಸರು. ಸರ್ಕಾರಿ ಕಾಗದದಲ್ಲಿ ಅವಳ ಗುರುತು ಅಷ್ಟೇ. ನೋಟಿಸು ಹೋದ ಮಾರನೆ ದಿನವೇ ಅವಳ ಕೂಲಿ ನಿಂತಿತು. ಪಕ್ಕದೂರಿಗೆ ನಡೆದುಕೊಂಡು ಹೋಗಿ ದುಡಿದಳು. ವಾಯಿದೆ ಇದ್ದ ದಿನ ಒಗೆದ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬರೋಳು. ಎ.ಸಿ. ಕೋರ್ಟಲ್ಲಿ ಗೆದ್ದೆವು. ಡಿ.ಸಿ. ಮುಂದೆಯೂ ಗೆದ್ದೆವು. ಅದಕ್ಕೂ ಮೇಲೆ ಹೋದಾಗ ಸೋತೆವು. ಇಂಥ ಅರ್ಜಿ ಸಮಂಜಸ ಕಾಲಾವಧಿಯೊಳಗೆ ಬರಬೇಕು ಅಂತ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಮುಂದಿನ ವರ್ಷ ನಮ್ಮದೂ 'ವಿಳಂಬ' ಅಂತ ಬಿದ್ದುಹೋಯಿತು.

"ತಡ ಆಯ್ತಂತೆ ಅಜ್ಜಿ" ಅಂದೆ.

ಎಲೆಗೆ ಸುಣ್ಣ ಹಚ್ತಿದ್ದೋಳು ಕೈ ನಿಲ್ಲಿಸಿದಳು. "ನಾನೆಲ್ಲಿಗೆ ಹೋಗಿದ್ನೋ ಮಗಾ, ತಡ ಆಗಾಕೆ? ಅದೇ ಹೊಲ್ದಾಗೇ ಇದ್ನಲ್ಲ, ಕಳೆ ಕೀಳ್ತಾ."

ದಿನಾ ಫೈಲಿಗೆ ಟಿಪ್ಪಣಿ ಬರೆಯೋ ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

2019ರ ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ನಮ್ಮ ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಅನ್ನದೆ ಧರಣಿ ಕೂತರು. ನಾನೂ ರಜೆ ಹಾಕಿ ಎರಡು ದಿನ ಕೂತಿದ್ದೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ. ಅವತ್ತು ಮನೆಗೆ ಬಂದು ಟ್ರಂಕು ತೆಗೆದೆ. ಚೀಟಿ ಅದೇ ಸೀರೆಯಲ್ಲಿ ಹಾಗೇ ಇತ್ತು. ನಾನು ಅತ್ತಿದ್ದು ಅವಳು ಸತ್ತ ದಿನ ಅಲ್ಲ, ಅವತ್ತು. ನಮ್ಮ ಕೇಸು ಅಷ್ಟರಲ್ಲಿ ಮುಗಿದುಹೋಗಿತ್ತು. ಮತ್ತೆ ಎತ್ತಬಹುದಾ ಅಂತ ವಕೀಲರ ಹಿಂದೆ ಓಡಾಡ್ತಾನೇ ಇದ್ದೀನಿ.

ನಿನ್ನೆ ಆ ತಾಯಿಯನ್ನು ಕುರ್ಚಿ ಮೇಲೆ ಕೂರಿಸಿ, ಟೀ ತರಿಸಿ, ಸರ್ವೆ ನಂಬರ್ ಬರೆದುಕೊಂಡು, ನಕಲಿಗೆ ಅರ್ಜಿ ನಾನೇ ಬರೆದುಕೊಟ್ಟೆ. "ಇನ್ನೊಂದಿನ ಬನ್ನಿ" ಅಂತ ಕಳಿಸೋಕೆ ನಾಲಿಗೆ ಬರಲಿಲ್ಲ.

ಬಂಧುಗಳೆ, ಈ ಭಾನುವಾರ ಊರಿಗೆ ಹೋದರೆ ನಿಮ್ಮ ಅಜ್ಜಿಯ ಹತ್ತಿರ ಕೂತು ಕೇಳಿ. ಟ್ರಂಕು ತೆಗೆಸಿ ನೋಡಿ. ಚೀಟಿ ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಂಜೂರಾತಿ ದಾಖಲೆ, ಮ್ಯುಟೇಶನ್, ಹಳೇ ಪಹಣಿಯ ನಕಲಿಗೆ ಅರ್ಜಿ ಹಾಕಿ. ಓದಲು ಬರದ ನಮ್ಮ ಅಜ್ಜಿಯರು ಆ ಕಾಗದಗಳನ್ನು ಇಷ್ಟು ವರ್ಷ ಕಾಪಾಡಿದ್ದಾರೆ. ಓದು ಬಂದ ನಾವು ತಡ ಮಾಡೋದು ಬೇಡ.

ಜೈಭೀಮ್.