ಧಾರೆಗೆ ಹಿಮ ಕರಗಿಸಿದೆವು

ನಾವು ಓಡಿಹೋಗಿ ಮದುವೆಯಾದವರು. ಹಾಗೆ ಹೇಳಿಕೊಳ್ಳಲು ನನಗೀಗ ಅಂಜಿಕೆಯಿಲ್ಲ. ಅವನದು ಬೇರೆ ಜಾತಿ. ಹಾಸನದ ಕಡೆಯ ನಮ್ಮ ಊರಿನಲ್ಲಿ ಅಷ್ಟು ಸಾಕಿತ್ತು.

ಮೊದಲು ರಿಜಿಸ್ಟರ್ ಮದುವೆಯನ್ನೇ ನಂಬಿದ್ದೆವು. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಆ ನೋಟಿಸನ್ನು ಎಲ್ಲರಿಗೂ ಕಾಣುವಂತೆ ಕಚೇರಿಯಲ್ಲಿ ಅಂಟಿಸುತ್ತಾರೆ. ಹೆಸರು, ವಯಸ್ಸು, ವಿಳಾಸ ಎಲ್ಲವೂ ಅದರಲ್ಲಿರುತ್ತದೆ. ಯಾರೋ ಫೋಟೊ ತೆಗೆದು ಊರಿಗೆ ಕಳಿಸಿದರು. ಅಪ್ಪ, ಚಿಕ್ಕಪ್ಪಂದಿರು ಬೆಂಗಳೂರಿನ ನನ್ನ ಪಿ.ಜಿ. ಬಾಗಿಲಿಗೆ ಬಂದರು. ಆ ಸಂಜೆ ಏನಾಯಿತೆಂದು ಬರೆಯಲಾರೆ. ಎಡಗಿವಿ ಬಹಳ ಕಾಲ ಗುಂಯ್‌ಗುಡುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲವೆಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಿದ್ದೂ ನಮ್ಮ ವಿಳಾಸವನ್ನು ಗೋಡೆಗೆ ಅಂಟಿಸುವುದು ಯಾವ ನ್ಯಾಯ?

ಇಬ್ಬರೂ ಹಿಂದೂಗಳಾದ್ದರಿಂದ 1955ರ ಹಿಂದೂ ವಿವಾಹ ಕಾಯ್ದೆ ಸಾಕು ಎಂದು ವಕೀಲರೊಬ್ಬರು ತಿಳಿಸಿದರು. ಹುಡುಗನದೋ ಹುಡುಗಿಯದೋ ಒಂದು ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದರಾಯಿತು. ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ನೋಟಿಸಿನ ಗೊಡವೆಯಿಲ್ಲ. ಹಿಮಾಚಲದ ಲಾಹೌಲ್ ಕಣಿವೆಯ ಸಿಸ್ಸುವಿನಲ್ಲಿ ಅವನ ಗೆಳೆಯನೊಬ್ಬನಿದ್ದ. ಡಿಸೆಂಬರ್ ಕೊನೆಯಲ್ಲಿ ಅಲ್ಲಿಗೆ ಯಾರು ಹುಡುಕಿಕೊಂಡು ಬಂದಾರು ಎಂದು ಹೊರಟೆವು. ನನ್ನ ಚೀಲದಲ್ಲಿ ಅರಿಶಿನದ ಕೊಂಬು, ತಾಳಿ, ಜೀರಿಗೆ–ಬೆಲ್ಲ, ಒಂದು ಸೀರೆ.

ಮನಾಲಿಯಿಂದ ಸಿಸ್ಸುವಿಗೆ ಹೋಗಲು ಅಟಲ್ ಸುರಂಗ ದಾಟಬೇಕು. ಅದು 9 ಕಿಲೋಮೀಟರ್ ಉದ್ದ. 2020ರಲ್ಲಿ ಅದು ತೆರೆಯುವವರೆಗೆ ರೋಹ್ತಾಂಗ್ ಕಣಿವೆದಾರಿ ಹಿಮದಲ್ಲಿ ಮುಚ್ಚಿಹೋದರೆ ಲಾಹೌಲಿನವರು ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗಿಬಿಡುತ್ತಿದ್ದರಂತೆ. ನಾವು ಆ ಸುರಂಗದ ಬಾಯಿಯನ್ನೂ ಕಾಣಲಿಲ್ಲ. ಸೋಲಂಗ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಮ ಶುರುವಾಯಿತು. ಗಾಡಿಗಳ ಚಕ್ರ ಅರೆದ ಹಿಮ ಗಾಜಿನಂತೆ ಗಟ್ಟಿಯಾಯಿತು. ಮುಂದಿದ್ದ ಕಾರು ಬ್ರೇಕ್ ಹಾಕಿದರೂ ಪಕ್ಕಕ್ಕೆ ಜಾರುತ್ತ ಹೋಗಿ ಕಟ್ಟೆಗೆ ಒರಗಿತು. ಹಿಂದೆ ಕಣ್ಣು ಹಾಯುವವರೆಗೆ ದೀಪಗಳ ಸಾಲು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಹೀಟರ್‌ಗಾಗಿ ಎಂಜಿನ್ ಓಡುತ್ತಲೇ ಇರಲಿ ಎಂದು ನಾನು ಬೇಡಿಕೊಂಡೆ. ನಮ್ಮ ಗಾಡಿಯ ಡ್ರೈವರ್ ಒಪ್ಪಲಿಲ್ಲ. ಆಗಾಗ ಇಳಿದು ಸೈಲೆನ್ಸರ್ ಬಾಯಿಗೆ ಕಟ್ಟಿದ ಹಿಮವನ್ನು ಕೈಯಿಂದ ಕೆರೆದು, ಕಿಟಕಿ ಸ್ವಲ್ಪ ಇಳಿಸಿ, ಸ್ವಲ್ಪ ಹೊತ್ತು ಮಾತ್ರ ಎಂಜಿನ್ ಹಾಕುತ್ತಿದ್ದ. ಹೊಗೆ ಹೊರಗೆ ಹೋಗದಿದ್ದರೆ ವಿಷದ ಗಾಳಿ ಒಳಗೆ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ, ನಿದ್ದೆ ಬಂದಂತಾಗಿ ಏಳುವುದೇ ಇಲ್ಲ. ಇಪ್ಪತ್ತು ದಾಟಿದ ಹುಡುಗನಷ್ಟೇ ಅವನು. ನಾವಿಬ್ಬರು ಇಂದು ಬದುಕಿರುವುದು ಅವನಿಂದ.

ಕತ್ತಲಾದ ಮೇಲೆ ಅವನೇ ನಿರ್ಧರಿಸಿದ: "ದೀದಿ, ಗಾಡಿ ಇಲ್ಲೇ ಇರಲಿ. ಪಲ್ಚಾನ್‌ನಲ್ಲಿ ನಮ್ಮ ಮನೆಯಿದೆ, ನಡೆಯೋಣ." ಪೊಲೀಸರು ಟಾರ್ಚ್ ಹಿಡಿದು ಜನರನ್ನು ಇಳಿಸುತ್ತಿದ್ದರು. ನನ್ನದು ಬೆಂಗಳೂರಿನ ಶೂ. ಒಳಗೆ ಹೊಕ್ಕ ಹಿಮ ಕರಗಿ ಕಾಲುಚೀಲ ನೆನೆಯಿತು. ಮೊದಲು ಬೆರಳುಗಳು ಉರಿದವು, ಆಮೇಲೆ ನೋವೇ ನಿಂತುಹೋಯಿತು. ನೋವು ನಿಂತದ್ದಕ್ಕೆ ನನಗೆ ಸಮಾಧಾನವಾಯಿತು. ನನ್ನವನು ಮಾತ್ರ ಹೆದರಿ ನನ್ನನ್ನು ಎಳೆದುಕೊಂಡೇ ನಡೆದ. ಎಲ್ಲೋ ಒಂದು ತಿರುವಿನಲ್ಲಿ ನಾನು ಕುಳಿತುಬಿಟ್ಟೆ. ಅಮ್ಮನ ಹೆಸರು ಹಿಡಿದು ಕೂಗಿದೆನಂತೆ. ನನಗೆ ನೆನಪಿಲ್ಲ.

ಬಾಗಿಲು ತೆಗೆದವರು ಡ್ರೈವರನ ತಾಯಿ. ಒಲೆಯತ್ತ ಧಾವಿಸಿದ ನನ್ನನ್ನು ತಡೆದು, ಮರಗಟ್ಟಿದ ಕಾಲನ್ನು ಬೆಂಕಿಗೂ ಹಿಡಿಯಬಾರದು, ಉಜ್ಜಲೂ ಬಾರದು ಎಂದು ಗದರಿದರು. ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಡಿಸಿದರು. ಜೀವ ಮರಳುವಾಗಿನ ಆ ನೋವಿಗೆ ನಾನು ಹಲ್ಲು ಕಚ್ಚಿ ಅತ್ತೆ. ಯಾರು, ಯಾಕೆ ಬಂದಿರಿ ಎಂದು ಅವರು ಕೇಳಿದ್ದು ನಾನು ಎರಡು ಲೋಟ ಚಹಾ ಕುಡಿದ ಮೇಲೆ. ಎಲ್ಲ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ದಾರಿ ತೆರೆಯಲು ಇನ್ನೂ ಹೊತ್ತಿದೆ. ಮದುವೆ ಇಲ್ಲೇ ಆಗಲಿ, ಬೇಟಿ" ಅಂದರು.

ಮರುದಿನ ಊರಿನ ಪಂಡಿತರು ಮೊಣಕಾಲುದ್ದ ಹಿಮ ತುಳಿದುಕೊಂಡು ಬಂದರು. ನಮ್ಮಲ್ಲಿ ತಂದೆತಾಯಿ ಧಾರೆ ಎರೆಯುತ್ತಾರೆ ಎಂದು ನನ್ನ ಮುರುಕು ಹಿಂದಿಯಲ್ಲಿ ವಿವರಿಸಿದೆ. ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ಅಂಗಳದ ಹಿಮವನ್ನೇ ಪಾತ್ರೆಗೆ ತುಂಬಿ, ಕೋಣೆ ಬೆಚ್ಚಗಿಡುವ ತಂದೂರು ಒಲೆಯ ಮೇಲೆ ಕರಗಿಸಿದೆವು. ಡ್ರೈವರನ ತಾಯಿಯ ಪಟ್ಟು ಎಂಬ ಉಣ್ಣೆಯ ಹೊದಿಕೆ ಅಂತರಪಟವಾಯಿತು. ಅದು ಸರಿದಾಗ ನಾವು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ–ಬೆಲ್ಲ ಹಾಕಿದೆವು. ಕೂಡಿಸಿದ ನಮ್ಮ ಕೈಗಳ ಮೇಲೆ ಆ ತಾಯಿ, ಅವರ ಗಂಡ ನೀರೆರೆದರು. ಹೋಮಕ್ಕೆ ಅರಳು ಹಾಕಿಸುವಾಗ ಹುಡುಗಿಯ ಅಣ್ಣನೋ ತಮ್ಮನೋ ಬೇಕು. ಆ ಶಾಸ್ತ್ರ ಅಲ್ಲಿಯೂ ಇದೆ. ಡ್ರೈವರ್ ಕೇಳದೆಯೇ ಎದ್ದು ಬಂದು ನನ್ನ ಬೊಗಸೆ ತುಂಬಿದ. ಊದಿಕೊಂಡ ಕಾಲಲ್ಲೇ ಏಳು ಹೆಜ್ಜೆ ಇಟ್ಟೆ. ಹಡೆದವರು ಮಾಡಬೇಕಾದ ಒಂದೊಂದು ಶಾಸ್ತ್ರಕ್ಕೂ ಆ ಮನೆಯವರು ಮುಂದೆ ಬಂದರು. ಹಿಂದಿನ ರಾತ್ರಿಯ ಚಳಿಯಲ್ಲಿ ನನ್ನನ್ನು ಕುಗ್ಗಿಸಿದ್ದು ಸಾವಿನ ಭಯಕ್ಕಿಂತ ಹೆಚ್ಚಾಗಿ ನನಗೆ ಯಾರೂ ಇಲ್ಲ ಎನ್ನುವುದು. ಅವರು ಅದನ್ನು ನನ್ನಿಂದ ಕಿತ್ತುಹಾಕಿದರು.

ಸಂಜೆ ಅಕ್ಕಪಕ್ಕದ ಹೆಂಗಸರು ಬಂದರು. ಹಬೆಯಲ್ಲಿ ಬೆಂದ, ಒಳಗೆ ಅಕ್ರೋಟು ತುಂಬಿದ ಸಿಡ್ಡು ಎಂಬ ತಿಂಡಿಗೆ ತುಪ್ಪ ಸುರಿದು ಬಡಿಸಿದರು. ರಾಜ್ಮಾ, ಅನ್ನ. ನಾನು ಉಳಿದ ಅನ್ನಕ್ಕೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿದೆ. ನನ್ನವನ ತಲೆಗೆ ಕುಲ್ಲು ಟೋಪಿ, ನನ್ನ ಹೆಗಲಿಗೆ ಅದೇ ಪಟ್ಟು. ತಂದೂರಿನ ಸುತ್ತ ಕೈಕೈ ಹಿಡಿದು ಅಲ್ಲಿನ ನಾಟಿ ಕುಣಿತ ಕುಣಿದರು; ಕುಣಿಯಲಾರದ ನನ್ನನ್ನು ನಡುವೆ ಕೂರಿಸಿದ್ದರು.

ಬೆಂಗಳೂರಿಗೆ ಮರಳಿ ಮದುವೆಯನ್ನು ನೋಂದಾಯಿಸಿದೆವು. ಅಪ್ಪ ಈವರೆಗೆ ಮಾತಾಡಿಲ್ಲ. ಅವರು ತೋಟಕ್ಕೆ ಹೋದ ಹೊತ್ತು ನೋಡಿಕೊಂಡು ಅಮ್ಮ ಫೋನ್ ಮಾಡುತ್ತಾಳೆ. ಒಮ್ಮೆ ಇದ್ದಕ್ಕಿದ್ದಂತೆ, "ಧಾರೆ ಯಾರೇ ಎರೆದಿದ್ದು?" ಎಂದು ಕೇಳಿದಳು. ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. "ಧಾರೆ ಎರೆದೋರಿಗೆ ಸೀರೆ ಉಡಿಸ್ಬೇಕು ಕಣೆ. ನಾನು ತೆಗೆದಿಟ್ಟಿದೀನಿ, ಅವರ ಅಡ್ರೆಸ್ ಕೊಡು" ಅಂದಳು.